ನೆಂಟರಿಗೆಂದು ತಂದ ಬಾಟಲಿ

ನಾನು ಒಂದು ಬಿಯರ್ ಬಾಟಲಿ. ಹೀಗೆಂದ ಕೂಡಲೇ ಕೆಲವರು ಮೂಗು ಮುರಿಯುತ್ತಾರೆ, ಗೊತ್ತು. ಈಗ ನನ್ನೊಳಗೆ ಇರುವುದು ಹರಳೆಣ್ಣೆ. ಆದರೂ ಹುಟ್ಟನ್ನು ಮುಚ್ಚಿಡಲಾರೆ. ನನ್ನ ಕಂದು ಮೈಯೇ ಅದನ್ನು ಹೇಳಿಬಿಡುತ್ತದೆ.

ನಾನು ಹುಟ್ಟಿದ್ದು ಬೆಂಕಿಯಲ್ಲಿ. ಮರಳು, ಸುಣ್ಣಕಲ್ಲಿನ ಪುಡಿ, ಜೊತೆಗೆ ಬುಟ್ಟಿಗಟ್ಟಲೆ ಒಡೆದ ಬಾಟಲಿಗಳ ಚೂರು. ಎಲ್ಲವೂ ಕುಲುಮೆಯಲ್ಲಿ ಕರಗಿ, ಪಾಕದಂತೆ ಹರಿದು ಅಚ್ಚಿಗೆ ಬಿತ್ತು. ಒಳಗೆ ಗಾಳಿ ಊದಿದರು. ಕಣ್ಣು ಬಿಟ್ಟಾಗ ನನ್ನಂಥವೇ ಸಾವಿರ ಬಾಟಲಿಗಳು ಸಾಲಾಗಿ ನಿಂತಿದ್ದವು. ಸತ್ತ ಬಾಟಲಿಗಳ ಚೂರುಗಳಿಂದಲೇ ನನ್ನ ಮೈ ಆಗಿದೆ ಎಂದು ತಿಳಿದಾಗ ನಡುಗಿಹೋದೆ. ಅದು ನನ್ನ ಬಾಳಿನ ಮೊದಲ ದಿಗಿಲು. ಮುಂದೆ ಕಂಡದ್ದರ ಎದುರು ಅದು ಏನೂ ಅಲ್ಲ.

ಮೊದಲ ಸಲ ನನ್ನನ್ನು ತುಂಬಿ ಕಳಿಸಿದ್ದು ಬಸ್ ನಿಲ್ದಾಣದ ಪಕ್ಕದ ಒಂದು ಲಾಡ್ಜಿಗೆ. ಅಲ್ಲಿ ಯಾರೂ ನನ್ನನ್ನು ಆರಿಸಲಿಲ್ಲ. ತಣ್ಣಗಿರುವುದು ಯಾವುದಾದರೂ ಕೊಡು ಎಂದರು, ಕೊಟ್ಟರು. ಕುಡಿದು ಮಂಚದ ಕೆಳಗೆ ಉರುಳಿಸಿದರು. ಗುಜರಿಯವನು ಗೋಣಿಗೆ ಹಾಕಿಕೊಂಡು ಹೋದ. ಕುದಿಯುವ ಕಾಸ್ಟಿಕ್ ಸೋಡಾ ನೀರಿನಲ್ಲಿ ತೊಳೆದರು, ಮತ್ತೆ ತುಂಬಿದರು, ಕೊಕ್ಕರೆಯ ಚಿತ್ರವಿದ್ದ ಹೊಸ ಚೀಟಿ ಅಂಟಿಸಿದರು, ತಲೆಗೆ ನೀಲಿ ಮುಚ್ಚಳ ಒತ್ತಿದರು. ಮನುಷ್ಯರಿಗೆ ಇದೆಯೋ ಇಲ್ಲವೋ, ಬಾಟಲಿಗಂತೂ ಮರುಜನ್ಮ ಇದೆ.

ಎರಡನೆಯ ಜನ್ಮದಲ್ಲಿ ನಾನು ಪಾಂಡವಪುರದ ಕಡೆಯ ಒಂದು ಊರಿನ ಅಂಗಡಿಗೆ ಬಂದೆ. ಒಂದು ಬೆಳಿಗ್ಗೆ ಅಂಗಡಿಯ ಕಂಬಿಗಳಾಚೆ ಒಬ್ಬ ಹೆಂಗಸು ಬಂದು ನಿಂತಳು. ಸೆರಗು ತಲೆ ತುಂಬ ಹೊದ್ದಿದ್ದಳು. ಸಾಲಿನಲ್ಲಿದ್ದ ಗಂಡಸರು ಮಾತು ನಿಲ್ಲಿಸಿ, ತಾವೇ ತಪ್ಪು ಮಾಡಿದವರಂತೆ ಪಕ್ಕಕ್ಕೆ ಸರಿದರು. ನಮ್ಮ ಕಪಾಟಿನಲ್ಲಿ ಒಂದು ಬಾಟಲಿಯೂ ಮಿಸುಕಲಿಲ್ಲ. ಅಂಗಡಿಗೆ ಹೆಂಗಸು ಬಂದದ್ದನ್ನು ನಾವು ಯಾರೂ ಕಂಡಿರಲಿಲ್ಲ.

ಅವಳ ಹೆಸರು ಜಯಶೀಲ. ಮನೆಗೆ ನೆಂಟರು ಬರುತ್ತಾರೆ, ಒಂದು ಬಿಯರ್ ಬೇಕು ಎಂದಳು. ಯಾವುದು ಎಂದು ಅಂಗಡಿಯವನು ಕೇಳಿದ. ಅವಳು ಸೆರಗಿನ ಗಂಟು ಬಿಚ್ಚಿ ತುಕ್ಕು ಹಿಡಿದ ಒಂದು ಮುಚ್ಚಳ ಮುಂದಿಟ್ಟಳು. ಅದರ ಅಂಚಿನಲ್ಲಿ ಉಗುರಿನಷ್ಟು ನೀಲಿ ಉಳಿದಿತ್ತು. ನೀಲಿ ಮುಚ್ಚಳದವು ಎರಡು ಇವೆ, ಒಂದು ಸಪ್ಪೆ, ಇನ್ನೊಂದು ಕಹಿ ಜಾಸ್ತಿ ಎಂದು ಅವನು ಇನ್ನೊಂದನ್ನೂ ನನ್ನನ್ನೂ ಎತ್ತಿ ತೋರಿಸಿದ. ಬರುವವರು ಯಾರು, ವಯಸ್ಸೆಷ್ಟು, ಏನು ಕೆಲಸ ಎಂದು ವಿಚಾರಿಸಿದ. ನಮ್ಮ ಮಾವನವರು, ಎಪ್ಪತ್ತೊಂದು, ಆಲೆಮನೆಯಲ್ಲಿ ಬೆಲ್ಲ ಕಾಸುತ್ತಿದ್ದರು ಎಂದಳು.

"ಈಗ ಎಲ್ಲವ್ರೆ?"

ಅವಳು ಗದ್ದವನ್ನು ಸ್ವಲ್ಪ ಮೇಲಕ್ಕೆತ್ತಿದಳು. ಓಹೋ, ಮಹಡಿ ಮನೆಯಲ್ಲಿರಬೇಕು ಎಂದುಕೊಂಡೆ. ಅಂಗಡಿಯವನ ದನಿ ಮಾತ್ರ ಒಮ್ಮೆಲೇ ತಗ್ಗಿತು. "ನೋಡ್ಕಂಡು ತಗಳವ್ವ, ಆತುರ ಇಲ್ಲ," ಎಂದ.

ಅವಳು ನಮ್ಮಿಬ್ಬರನ್ನೂ ಬದನೆಕಾಯಿ ಆರಿಸುವಂತೆ ತಿರುಗಿಸಿ ತಿರುಗಿಸಿ ನೋಡಿದಳು. ಕೊನೆಗೆ, ದಿನವೆಲ್ಲ ಸಿಹಿ ಕುಡಿದ ಬಾಯಿ ಕಹಿಯನ್ನೇ ಕೇಳುತ್ತದಲ್ಲವೇ ಎಂದು ತನಗೆ ತಾನೇ ಹೇಳಿಕೊಂಡು ನನ್ನನ್ನು ಎತ್ತಿಕೊಂಡಳು. ನನ್ನನ್ನು ಒಬ್ಬರು ಯೋಚಿಸಿ ಆರಿಸಿದ್ದು ಅದೇ ಮೊದಲು. ಹೆಮ್ಮೆಯಿಂದಲೇ ಅವಳ ಚೀಲ ಸೇರಿದೆ.

ಆ ಮನೆಗೆ ಮಹಡಿಯೇ ಇರಲಿಲ್ಲ. ಜಯಶೀಲ ನನ್ನನ್ನು ಅಡುಗೆಮನೆಯಲ್ಲಿ ನೀರು ತುಂಬಿದ ಮಡಕೆಯಲ್ಲಿ ಕುತ್ತಿಗೆವರೆಗೆ ಇಳಿಸಿದಳು. ಅವಳ ಅತ್ತೆ ನಿಂಗಾಜಮ್ಮ ಬಂದು ಬಗ್ಗಿ ನೋಡಿದಳು, ಮುಟ್ಟಲಿಲ್ಲ. ಸಣ್ಣ ಮೈ, ಕಬ್ಬಿಣದಂಥ ಮುಖ. ನಾನು ಹೆದರಿದೆ. ಹೆದರಿದ್ದು ಸರಿಯೇ ಆಗಿತ್ತು ಎಂದು, ವರ್ಷಗಟ್ಟಲೆ ಅದೇ ಅಡುಗೆಮನೆಯ ಗೋಡೆಗೂಡಿನಲ್ಲಿ ಕುಳಿತು ಕೇಳಿದ ಮಾತುಗಳಿಂದ ತಿಳಿಯಿತು.

ಅದಕ್ಕೂ ಇಪ್ಪತ್ತು ವರ್ಷ ಹಿಂದೆ ಆ ಬೀದಿಯ ಸಾರಾಯಿ ಅಂಗಡಿಯ ಮುಂದೆ ಹನ್ನೊಂದು ದಿನ ಕೂತು ಅದನ್ನು ಮುಚ್ಚಿಸಿದವಳು ಈ ನಿಂಗಾಜಮ್ಮ. ಬೀದಿಯ ಗಂಡಸರನ್ನೆಲ್ಲ ಮಾದಪ್ಪ ದೇವರ ದೀಪದ ಮುಂದೆ ನಿಲ್ಲಿಸಿ, ಇನ್ನು ಹೆಂಡದಂಗಡಿ ಮೆಟ್ಟಿಲು ಹತ್ತುವುದಿಲ್ಲ, ಸೀಸೆ ಮುಟ್ಟುವುದಿಲ್ಲ ಎಂದು ಆಣೆ ಹಾಕಿಸಿದ್ದಳು. ಮಗ ಸಿದ್ದರಾಜುವೂ ಅಂದು ಆಣೆ ಹಾಕಿದವನೇ. ಅದಕ್ಕೇ ನನ್ನನ್ನು ತರಲು ಅವನು ಹೋಗುವಂತಿರಲಿಲ್ಲ, ಸೊಸೆಯೇ ಹೋಗಬೇಕಾಯಿತು. ದೀಪದ ಮುಂದೆ ಕೈ ಚಾಚದವನು ಒಬ್ಬನೇ, ನಿಂಗಾಜಮ್ಮನ ಗಂಡ ಜವರಯ್ಯ. ವಾರಕ್ಕೊಂದು ಸಲ ಕಬ್ಬಿನ ಸೋಗೆಯ ಕಂತೆಯಲ್ಲಿ ಒಂದು ಬಾಟಲಿ ಅಡಗಿಸಿ ತಂದು, ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ಮಾರನೆಯ ದಿನ ಹಿತ್ತಲಲ್ಲಿ ಖಾಲಿ ಬಾಟಲಿ ಸಿಗುತ್ತಿತ್ತು. ಚೀಟಿ ನಾರು ಸುಲಿದಂತೆ ಸಣ್ಣ ಪಟ್ಟಿ ಪಟ್ಟಿಯಾಗಿ ಸುಲಿದುಹೋಗಿರುತ್ತಿತ್ತು. ಅದು ಮುದುಕನ ಚಾಳಿ ಎಂದು ಮನೆಯವರು ನಗುತ್ತಿದ್ದರು. ಬೀದಿಯವರದು ಬೇರೆ ಮಾತು. "ಊರ್ಗೆಲ್ಲ ಬುದ್ಧಿ ಹೇಳೋಳು, ಗಂಡನ್ನ ತಿದ್ದಕ್ಕಾಗ್ನಿಲ್ಲ," ಎಂದು ಆಡಿಕೊಳ್ಳುತ್ತಿದ್ದರು.

ಜವರಯ್ಯ ಹೋಗಿ ಏಳು ತಿಂಗಳಾಗಿತ್ತು. ಅಂದು ಮಹಾಲಯ ಅಮಾವಾಸ್ಯೆ. ಸತ್ತ ಹಿರಿಯರು ಮನೆಗೆ ನೆಂಟರಾಗಿ ಬಂದು ಉಂಡುಹೋಗುವ ದಿನ. ಅವನಿಗೆ ಅದು ಮೊದಲನೆಯ ಎಡೆ. ಬಿಯರ್ ಇಡಬೇಕು ಎಂದು ಸ್ವತಃ ನಿಂಗಾಜಮ್ಮನೇ ಹೇಳಿದಾಗ ಜಯಶೀಲಳ ಕೈಯ ಸೌಟು ನೆಲಕ್ಕೆ ಬಿದ್ದಿತ್ತಂತೆ. ಯಾವುದು ಅತ್ತೆ ಎಂದು ಕೇಳಿದರೆ ಮುದುಕಿ ಮುಖ ತಿರುಗಿಸಿ, ಗೂಡಿನಲ್ಲಿ ಒಂದು ಮುಚ್ಚಳ ಬಿದ್ದಿತ್ತು ನೋಡು ಎಂದಷ್ಟೇ ಹೇಳಿದಳು. ಆಮೇಲೆ ಮೆಲ್ಲಗೆ ಅಂದಳು.

"ನಿಮ್ಮಾವ ಮುನಿಸ್ಕಂಡು ಹೋದೋನು ಕನವ್ವ. ಎಲೆ ಮುಟ್ದಲೆ ತಿರುಗ್ಕಂಡು ಹೋದ್ರೆ ನಾನು ಎಂಗೆ ಉಣ್ಲಿ?"

ಆ ಏಳು ತಿಂಗಳಲ್ಲಿ ಅವಳು ಉಂಡದ್ದು ಅಷ್ಟಕ್ಕಷ್ಟೇ ಎಂಬುದು ಮಣಿಕಟ್ಟು ನೋಡಿದರೆ ಗೊತ್ತಾಗುತ್ತಿತ್ತು.

ಇದೆಲ್ಲ ನನಗೆ ಅಂದು ಗೊತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನನ್ನನ್ನು ಕೋಣೆಗೆ ಒಯ್ದರು. ಬಾಳೆ ಎಲೆಯ ಮೇಲೆ ಮುದ್ದೆ, ಬಾಡಿನ ಸಾರು, ಕಜ್ಜಾಯ. ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ, ಒಂದು ಲೋಟ. ನಾನು ನೆಂಟರಿಗಾಗಿ ಬಾಗಿಲ ಕಡೆ ಕಣ್ಣಿಟ್ಟೆ. ಎಲ್ಲರೂ ನನ್ನ ಹಿಂದಿನ ಗೋಡೆಗೆ ಕೈ ಮುಗಿಯುತ್ತಿದ್ದರು. ಗಾಜಿಗೆ ಎಲ್ಲ ಕಡೆಯೂ ಕಣ್ಣು ತಾನೇ, ನೋಡಿದೆ. ಅಲ್ಲಿ ಒಂದು ಚಿತ್ರಪಟ. ಅದಕ್ಕೆ ಹೂವಿನ ಹಾರ. ನನ್ನೊಳಗಿನ ಬಿಯರ್ ಅಲ್ಲಾಡದೆ ನಿಂತುಬಿಟ್ಟಿತು. ಇಷ್ಟು ನೋಡಿ ಆರಿಸಿ, ತಂಪು ಮಾಡಿ, ಒರೆಸಿ ತಂದದ್ದು ಸತ್ತವನಿಗೇ?

ಧೂಪ ಹಾಕಿ ಎಲ್ಲರೂ ಹೊರಗೆ ಹೋದರು. ಬಾಗಿಲು ಮುಚ್ಚಿತು. ನೆಂಟರು ಉಂಡು ಏಳುವವರೆಗೆ ಅದನ್ನು ತೆಗೆಯುವಂತಿಲ್ಲ. ನಡುವೆ ತೆಗೆದರೆ ಎಲೆ ಬಿಟ್ಟು ಎದ್ದುಹೋಗುತ್ತಾರೆ, ಮತ್ತೆ ಬರುವುದಿಲ್ಲ ಎಂಬುದು ಆ ಕಡೆಯವರ ನಂಬಿಕೆ. ಒಳಗೆ ನಾನು, ಪಟ, ಹೊಗೆ. ಬಂದವರನ್ನು ಹೇಗೆ ಎದುರುಗೊಳ್ಳಲಿ ಎಂದು ಬೆವರುತ್ತಿದ್ದೆ.

ಹೊರಗೆ ನಿಂಗಾಜಮ್ಮನ ದನಿ ಕೇಳಿಸಿತು.

"ಮುಚ್ಚಳ ತೆಗೆದಿದ್ದೀಯೇನವ್ವ?"

ತೆಗೆದಿರಲಿಲ್ಲ, ನನ್ನ ತಲೆಯ ಮೇಲೆ ನೀಲಿ ಮುಚ್ಚಳ ಹಾಗೇ ಇತ್ತು. ಆಣೆ ಹಾಕಿದ ಮಗ ನನ್ನನ್ನು ಮುಟ್ಟಿಯೇ ಇರಲಿಲ್ಲ. ಸೊಸೆ ಜನ್ಮದಲ್ಲಿ ಬಿಯರ್ ತೆರೆದವಳಲ್ಲ. ಬಾಟಲಿ ಇಟ್ಟರೆ ಎಡೆ ಆಯಿತೆಂದು ಇಬ್ಬರೂ ತಿಳಿದಿದ್ದರು.

"ಬುಡವ್ವ, ಈಗ ಬಾಗ್ಲು ತೆಗೀಬಾರ್ದು," ಎಂದ ಸಿದ್ದರಾಜು. "ಅಪ್ಪಂಗೆ ಇಟ್ಟಿದ್ದು ಸೇರ್ತದೆ."

ಬಾಗಿಲು ಕಿರ್ರೆಂದಿತು. ತೆರೆಯಬಾರದ ಬಾಗಿಲು ತೆರೆದು ನಿಂಗಾಜಮ್ಮ ಒಳಗೆ ಬಂದಳು, ಅದನ್ನು ಹಿಂದಕ್ಕೆ ದೂಡಿದಳು. ಅದು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಅವಳು ಪಟದತ್ತ ಅಂಗೈ ತೋರಿಸಿದಳು.

"ಎದ್ದೋಗ್ಬ್ಯಾಡ. ನಾನೇ ಕನ, ಕೂತ್ಕ."

ನನ್ನ ಕುತ್ತಿಗೆ ಹಿಡಿದು ಕಿಟಕಿಗೆ ಒಯ್ದಳು. ಮುಚ್ಚಳದ ಅಂಚನ್ನು ಕಿಟಕಿಯ ಚಿಲಕಕ್ಕೆ ಸಿಕ್ಕಿಸಿ, ಅಂಗೈಯಿಂದ ಒಂದೇ ಏಟು. ಮುಚ್ಚಳ ಹಾರಿ ಮೂಲೆಗೆ ಬಿತ್ತು. ಲಾಡ್ಜಿನ ಪಳಗಿದ ಗಂಡಸರೂ ಎರಡು ಮೂರು ಸಲ ಒದ್ದಾಡುತ್ತಿದ್ದರು. ನಾನು ದಂಗಾದೆ. ಅವಳು ಲೋಟವನ್ನು ಓರೆ ಹಿಡಿದು, ನೊರೆ ಉಕ್ಕದಂತೆ ಅಂಚಿನಿಂದ ಸುರಿದಳು. ಆ ಕೈಗೆ ಇದು ಹೊಸದಲ್ಲ. ಒಂದು ಗುಟುಕು ತಾನು ಕುಡಿದು, ಕಣ್ಣು ಮುಚ್ಚಿ, ಬಾಯಲ್ಲಿ ಹೊರಳಿಸಿದಳು.

"ಇದೇಯ," ಎಂದಳು. "ಆ ಹೆಣ್ಗೆ ಎಂಗ್ ತಿಳೀತೋ."

ಲೋಟವನ್ನು ಎಲೆಯ ಪಕ್ಕಕ್ಕಿಟ್ಟು, ನನ್ನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು.

"ಅವತ್ತೂ ನೀನು ಮುಚ್ಚಳ ತೆಗೀದೆ ಹೋದೆ. ಬೀದಿ ಹೆಂಗಸ್ರ ಮುಂದೆ ನಾನು, ಕುಡುಕನ್ ಜೊತೆ ಬಾಳಿ ಸಾಕಾಗೋಗದೆ ಅಂದ್ಬುಟ್ಟೆ. ನೀನು ಬಾಗ್ಲಲ್ಲೇ ನಿಂತಿದ್ದೆ. ಬಾಟ್ಲಲ್ಲಿ ಅರ್ಧ ಇವ್ಳುದೇ ಅಂತ ಒಂದ್ ಮಾತು ಅನ್ಬೋದಾಗಿತ್ತು. ಅನ್ನಲಿಲ್ಲ. ಸುಮ್ಕೆ ಬಾಟ್ಲ ಗೂಡಲ್ಲಿ ಮಡಗಿ ಮನಿಕಂಡೆ. ಬೆಳಿಗ್ಗೆ ಆಲೆಮನೆಗೆ ಹೋದೋನು ಬರ್ನೇ ಇಲ್ಲ."

ಅವಳು ಅಳಲಿಲ್ಲ. ಆದರೆ ಅವಳ ಹೆಬ್ಬೆರಳು, ಅವಳಿಗೇ ಅರಿವಿಲ್ಲದೆ, ನನ್ನ ಮೈಮೇಲಿನ ಚೀಟಿಯ ಅಂಚನ್ನು ಹಿಡಿದಿತ್ತು. ಮೇಲಿನಿಂದ ಕೆಳಕ್ಕೆ, ನಾರಿನಂಥ ಒಂದು ಪಟ್ಟಿ. ಮತ್ತೊಂದು. ಕೊಕ್ಕರೆಯ ಕಾಲು, ಕೊಕ್ಕು, ರೆಕ್ಕೆ ಒಂದೊಂದಾಗಿ ಅವಳ ಮಡಿಲಿಗೆ ಉದುರಿದವು.

ಬಾಗಿಲ ಸಂದಿಯಲ್ಲಿ ಜಯಶೀಲ ನಿಂತಿದ್ದಳು. ಅತ್ತೆಯ ಮುಖವನ್ನಲ್ಲ, ಆ ಹೆಬ್ಬೆರಳನ್ನೇ ನೋಡುತ್ತಿದ್ದಳು. ಅವಳ ಬಾಯಿ ಅರ್ಧ ತೆರೆದಿತ್ತು. ಹಿತ್ತಲಲ್ಲಿ ಹನ್ನೆರಡು ವರ್ಷ ಗುಡಿಸಿದ ಆ ಚೀಟಿಯ ಚೂರುಗಳೆಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದಿರಬೇಕು. ನಿಂಗಾಜಮ್ಮ ತಲೆಯೆತ್ತಿದಳು. ಸೊಸೆಯನ್ನು ಕಂಡ ಆ ಕಬ್ಬಿಣದ ಮುಖ, ಕದ್ದು ಬೆಲ್ಲ ತಿಂದ ಮಗುವಿನ ಮುಖದಂತಾಯಿತು. ಅಂಥ ಗಟ್ಟಿ ಹೆಂಗಸು ಅಷ್ಟು ಚಿಕ್ಕವಳಾದದ್ದನ್ನು ನೋಡಲಾಗಲಿಲ್ಲ.

ಜಯಶೀಲ ಹಿಂದಿರುಗಿ ಹೋದಳು. ಆಯಿತು, ಈಗ ಮನೆಗೆಲ್ಲ ಹೇಳುತ್ತಾಳೆ ಎಂದುಕೊಂಡೆ. ಮರುಗಳಿಗೆ ಅವಳು ಅಡುಗೆಮನೆಯಿಂದ ಇನ್ನೊಂದು ಲೋಟ ಹಿಡಿದು ಬಂದಳು. ಅದನ್ನು ಅತ್ತೆಯ ಮುಂದಿಟ್ಟು, ಹೊರಗೆ ಹೋಗಿ ಬಾಗಿಲನ್ನು ಭದ್ರವಾಗಿ ಎಳೆದುಕೊಂಡಳು. ಆಚೆ ಗಂಡನಿಗೆ ಹೇಳುವುದು ಕೇಳಿಸಿತು.

"ಅತ್ತೆ ಮುಚ್ಚಳ ತೆಗೀತಾವ್ರೆ. ಬಲು ಬಿಗಿಯಾಗದೆ. ವಸಿ ತಡೀರಿ."

ಆ ಸಂಜೆ ನಿಂಗಾಜಮ್ಮ ಎಡೆಯ ಎಲೆಯಲ್ಲೇ ಹೊಟ್ಟೆ ತುಂಬ ಉಂಡಳು.

ಗುಜರಿಯವನು ಬಂದಾಗ ನನ್ನನ್ನು ಕೊಡಲಿಲ್ಲ. ತೊಳೆದು ಹರಳೆಣ್ಣೆ ತುಂಬಿ ಗೂಡಿನಲ್ಲಿಟ್ಟರು. ಪ್ರತಿ ವರ್ಷ ಆ ಅಮಾವಾಸ್ಯೆಯ ಹಿಂದಿನ ದಿನ ಎಣ್ಣೆ ಹಚ್ಚಿಕೊಳ್ಳುವಾಗ ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿ ತುಟಿಯಲ್ಲೇ ನಗುತ್ತಿದ್ದರು. ಹೀಗೆ ಆರು ವರ್ಷ. ಏಳನೆಯ ವರ್ಷ ಗೋಡೆಯ ಮೇಲೆ ಎರಡು ಪಟಗಳಾದವು.

ದೀಪಕ್ಕೆ ಎಣ್ಣೆ ಹಾಕಲು ನನ್ನನ್ನೂ ಆ ಕೋಣೆಗೆ ತಂದಿದ್ದರು. ಆ ವರ್ಷದ ಎಡೆಗೆ ದೇವೀರಮ್ಮ ಬಂದಿದ್ದಳು. ಸಾರಾಯಿ ಅಂಗಡಿಯ ಮುಂದೆ ನಿಂಗಾಜಮ್ಮನ ಪಕ್ಕದಲ್ಲೇ ಹನ್ನೊಂದು ದಿನ ಕೂತವಳು. ಪಟಗಳ ಮುಂದೆ ನೀಲಿ ಮುಚ್ಚಳದ ಬಾಟಲಿ, ಎರಡು ಲೋಟ. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಎರಡ್ಯಾಕೆ ಮಡಗಿದ್ದೀಯೇ?"

"ನಮ್ಮಾವ ಒಂಟಿ ಲೋಟ ಮುಟ್ತಿರ್ನಿಲ್ಲ ಕನತ್ತೆ," ಎಂದಳು ಜಯಶೀಲ.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಬಾಗಿಲು ಮುಚ್ಚುವ ಮೊದಲು ಮುಚ್ಚಳ ತೆಗೆಯಬೇಕಲ್ಲ. ಅವಳು ಬಾಟಲಿಯನ್ನು ಕಿಟಕಿಗೆ ಒಯ್ದು, ಚಿಲಕಕ್ಕೆ ಸಿಕ್ಕಿಸಿ, ಅಂಗೈಯಿಂದ ಒಂದೇ ಏಟು ಕೊಟ್ಟಳು. ಮುಚ್ಚಳ ಹಾರಿತು. ದೇವೀರಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಾಳೆ ಬೆಳಗಾಗುವುದರೊಳಗೆ ಬೀದಿಯಲ್ಲಿ ಯಾರ ಹೆಸರು ಓಡಾಡುತ್ತದೆ ಎಂಬುದು ಎಣ್ಣೆ ಬಾಟಲಿಗೂ ತಿಳಿಯುವಂತಿತ್ತು.

ನಾನು ಬೆಂಕಿಯಿಂದ ಬಂದದ್ದು, ಎಷ್ಟೋ ಚೂರುಗಳಿಂದ ಆದದ್ದು. ಗಾಜು ಏನನ್ನೂ ಬಚ್ಚಿಡಲಾರದು, ಅದು ನಮ್ಮ ಜಾತಿಯ ಕೊರತೆ. ಮನುಷ್ಯರು ಹೇಗೆ ಅಷ್ಟನ್ನು ಒಳಗಿಟ್ಟುಕೊಂಡು ಒಡೆಯದೆ ಇರುತ್ತಾರೋ, ಈ ವಯಸ್ಸಿನಲ್ಲೂ ನನಗೆ ಬೆರಗು.

ಅತ್ತೆಯ ಹೆಸರು ಹೇಳಿ ಒಂದು ಮಾತು ಆಡಿದ್ದರೆ ಜಯಶೀಲಳ ಮೇಲೆ ಯಾವ ಮಾತೂ ಬರುತ್ತಿರಲಿಲ್ಲ. ಅವಳು ಆಡಲಿಲ್ಲ. ಎರಡೂ ಲೋಟಕ್ಕೆ ನೊರೆ ಬಾರದಂತೆ ಸುರಿದು, ಅವನ್ನು ಒಂದಕ್ಕೊಂದು ಹತ್ತಿರ ಸರಿಸಿ, ಬಾಗಿಲು ಮುಚ್ಚಿದಳು.