ಹೊಲಿಗೆ ಬಿಚ್ಚಿ ಬರೆದ ದೂರು

ಬಟ್ಟಲನ್ನು ಮುಂದಿಟ್ಟರೆ ನಾಯಿ ಮೂಸಿ ನೋಡಿತು, ಮುಖ ತಿರುಗಿಸಿತು, ಹೋಗಿ ಹೊಲಿಗೆ ಯಂತ್ರದ ಕೆಳಗೆ ಮಲಗಿಬಿಟ್ಟಿತು. ಹಿಂದಿನ ದಿನ ಎರಡು ಸಲ ವಾಂತಿ ಮಾಡಿತ್ತು. ಈಗ ನೀರೂ ಬೇಡ ಎನ್ನುತ್ತಿತ್ತು.

ದರ್ಜಿ ಕೈಯಲ್ಲಿದ್ದ ಟೇಪು ಕೆಳಗಿಟ್ಟು ಅದರ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕುಳಿತ. ಊರಿನವರು ಅವನಿಗೆ ಇಟ್ಟ ಹೆಸರು ಸೂಜಿಮೆಣಸು. ಆಳು ಸಣ್ಣ, ಖಾರ ಜಾಸ್ತಿ. ತೋಳು ಉದ್ದವಾಯಿತು ಎಂದು ಗಿರಾಕಿ ಹೇಳಿದರೆ, ನಿನ್ನ ಕೈ ಗಿಡ್ಡ ಅದಕ್ಕೆ ನಾನೇನು ಮಾಡಲಿ ಎಂದು ಕೇಳುವ ಜನ. ಆ ಹೊತ್ತು ಅವನು ನಾಯಿಯ ಬೆನ್ನು ಸವರುತ್ತಿದ್ದ.

ನಾಯಿಗೆ ಹದಿಮೂರು ವರ್ಷ. ಬಿಳಿ ಎದೆಯ ಮೇಲೆ ಅಂಗಿಯ ಗುಂಡಿಗಳ ಹಾಗೆ ಸಾಲಾಗಿ ಮೂರು ಕಪ್ಪು ಚುಕ್ಕೆ ಇರುವುದರಿಂದ ಅದರ ಹೆಸರೇ ಗುಂಡಿ. ಮೂರು ತಿಂಗಳ ಹಿಂದೆ ಪಶುವೈದ್ಯೆ ರಕ್ತ ಪರೀಕ್ಷೆ ಮಾಡಿಸಿ, ಇದರ ಮೂತ್ರಪಿಂಡ ಸೋತಿದೆ, ಇನ್ನು ಮೇಲೆ ಇದೇ ಆಹಾರ ಹಾಕಬೇಕು ಎಂದು ಚೀಟಿ ಬರೆದುಕೊಟ್ಟಿದ್ದರು. ಅದು ಊರಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಸಾಕುಪ್ರಾಣಿಗಳ ಸಾಮಾನು ಮಾರುವ ಒಂದು ಆನ್‌ಲೈನ್ ಅಂಗಡಿಯಲ್ಲಿ ಮಾತ್ರ ಇತ್ತು. ಎರಡು ಚೀಲ ತರಿಸಿ ಹಾಕಿದ ಮೇಲೆ ಗುಂಡಿ ಮತ್ತೆ ಬಾಲ ಆಡಿಸಲು ಕಲಿತಿತ್ತು. ಮೂರನೆಯ ಚೀಲ ಬಂದದ್ದು ಸೋಮವಾರ. ಬುಧವಾರಕ್ಕೆ ಈ ಗತಿ.

ಪಶುವೈದ್ಯೆಗೆ ಫೋನ್ ಮಾಡಿದರೆ, ಆ ಆಹಾರ ತಕ್ಷಣ ನಿಲ್ಲಿಸಿ ಎಂದರು. ನಾಲ್ಕೈದು ದಿನಕ್ಕೆ ಮೆತ್ತಗೆ ಬೇಯಿಸಿ ಏನು ಹಾಕಬೇಕೆಂದು ಹೇಳಿದರು. ಅದಕ್ಕಿಂತ ಹೆಚ್ಚು ದಿನ ಅದರಲ್ಲೇ ತಳ್ಳಲು ಆಗುವುದಿಲ್ಲ, ಅಷ್ಟರೊಳಗೆ ಅದೇ ಆಹಾರ ಹೊಸದಾಗಿ ಬರಲೇಬೇಕು ಎಂದೂ ಹೇಳಿದರು.

"ಹಿಂದೆ ಹೀಗಿರಲಿಲ್ಲ" ಎಂದ ದರ್ಜಿ. ಅಂಗಿಗಳಿಗೆ ಗುಂಡಿ ಹಾಕುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. ಈ ಮಾತು ಅವಳಿಗೆ ದಿನಕ್ಕೆರಡು ಸಲ ಕೇಳಿ ಅಭ್ಯಾಸ.

ಆದರೆ ಅವನು ಹೇಳಿದ್ದು ಸುಳ್ಳೂ ಅಲ್ಲ. ಆ ಗಲ್ಲಿಯಲ್ಲಿ ಒಂದು ಕಾಲಕ್ಕೆ ಗಡಿಯಾರ ರಿಪೇರಿಯವನಿದ್ದ, ಪುಸ್ತಕಕ್ಕೆ ರಟ್ಟು ಹಾಕುವವನಿದ್ದ, ಎದುರಿಗೇ ಕಾಳಜ್ಜನ ಅಂಗಡಿ ಇತ್ತು. ಅಂಗಿಯ ತೋಳು ಮಡಚಿದ ಹಾಗೆ ಬಾಯಿ ಮಡಚಿಟ್ಟ ಗೋಣಿಚೀಲಗಳು. ಹಕ್ಕಿಗೆ ಬೇಕಾದ ಕಾಳು, ಕೋಳಿಗೆ ನುಚ್ಚು, ದನಕ್ಕೆ ಹಿಂಡಿ, ಎಲ್ಲ ಅಲ್ಲೇ. ಬೆಳಿಗ್ಗೆ ಬಾಗಿಲು ತೆಗೆದರೆ ಗೋಣಿಯ ವಾಸನೆ ಗಲ್ಲಿ ದಾಟಿ ಬಂದು ಈ ಅಂಗಡಿಯ ಬಟ್ಟೆಗಳಿಗೆಲ್ಲ ಹತ್ತುತ್ತಿತ್ತು. ಕಾಳು ಕೆಟ್ಟಿದ್ದರೆ ಹೋಗಿ ಎದುರಿಗೆ ನಿಂತು ಬೈಯಬಹುದಿತ್ತು. ಅಜ್ಜ ಕಿವಿ ಕೆರೆದುಕೊಳ್ಳುತ್ತ ಪೂರ್ತಿ ಕೇಳುತ್ತಿದ್ದ. ಆಮೇಲೆ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ತೆಗೆದು ಮೂಸಿ, ಬೇರೆಯದನ್ನು ಅಳೆದುಕೊಡುತ್ತಿದ್ದ.

ಗುಂಡಿ ಹುಟ್ಟಿದ್ದು ಆ ಗೋಣಿಗಳ ಹಿಂದೆಯೇ. ಮೊಣಕಾಲು ಕೈಕೊಟ್ಟು ಅಂಗಡಿ ಮುಚ್ಚಿದ ದಿನ ಅಜ್ಜ ಮರಿಯನ್ನು ಹರಕು ಗೋಣಿಯಲ್ಲಿ ಸುತ್ತಿ ತಂದು ದರ್ಜಿಯ ತೊಡೆಯ ಮೇಲೆ ಇಟ್ಟ. "ಬಟ್ಟೆ ಕಚ್ಚುತ್ತೆ. ಮೊದಲೇ ಹೇಳಿದ್ದೀನಿ, ಆಮೇಲೆ ದೂರು ತರಬೇಡ" ಎಂದ. ಅಜ್ಜ ಹೋಗಿ ಆರು ವರ್ಷವಾಯಿತು. ಎದುರಿನ ಷಟರು ತುಕ್ಕು ಹಿಡಿದು ನಿಂತಿದೆ. ಆ ದಿನಗಳದ್ದು ಅಂತ ಉಸಿರಾಡುತ್ತಿದ್ದದ್ದು ಇದೊಂದೇ ನಾಯಿ.

ಈಗ ಬೈಯಬೇಕೆಂದರೆ ಯಾರ ಮುಂದೆ ನಿಲ್ಲುವುದು? ಕೋಪ ನೆತ್ತಿಗೇರಿ ದರ್ಜಿ ಮೊಬೈಲಿನಲ್ಲಿ ಅಂಗಡಿಯ ಹೆಸರು ಹುಡುಕಿದ. ಮೊದಲು ಕಂಡ ನಂಬರಿಗೆ ಫೋನ್ ಹಚ್ಚಿದ. ಆ ಕಡೆ ಬೆಣ್ಣೆಯಂಥ ದನಿ. ಸರ್, ದುಡ್ಡು ಈಗಲೇ ವಾಪಸ್ ಹಾಕುತ್ತೇವೆ, ನಿಮ್ಮ ಮೊಬೈಲಿಗೆ ಒಂದು ಒಟಿಪಿ ಬರುತ್ತದೆ, ಓದಿ ಹೇಳಿ ಎಂದಿತು. ಆದರೆ ದರ್ಜಿ ಬೆಳಗಿನಿಂದ ಬೈಗುಳ ಕೂಡಿಟ್ಟುಕೊಂಡಿದ್ದ. ಹತ್ತು ನಿಮಿಷ ಉಸಿರು ಬಿಡದೆ ಬೈದ. ಆ ಮನುಷ್ಯ ಮೂರು ಸಲ ಒಟಿಪಿ ಕೇಳಿ, ಮೂರು ಸಲವೂ ಬೈಸಿಕೊಂಡು, ಕೊನೆಗೆ ತಾನೇ ಫೋನ್ ಇಟ್ಟ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾದಿನಿ ಬಂದಳು. ಹೆಂಡತಿಯ ತಂಗಿ, ಅಂಚೆ ಕಚೇರಿಯ ಪಾರ್ಸೆಲ್ ಕಿಟಕಿಯಲ್ಲಿ ಕೆಲಸ. ಒಡೆದದ್ದು, ಕಳೆದದ್ದು, ಅದಲುಬದಲಾದದ್ದು, ಎಲ್ಲ ದೂರನ್ನೂ ದಿನವೂ ಕೇಳಿ ಬರೆದುಕೊಳ್ಳುವವಳು. ಫೋನಿನ ಕಥೆ ಕೇಳಿ ಅವಳು ಮೊದಲು ಬೆಚ್ಚಿದಳು, ಆಮೇಲೆ ನಕ್ಕಳು.

"ಅವನು ಅಂಗಡಿಯವನೇ ಅಲ್ಲ ಭಾವ, ಕಳ್ಳ. ಒಟಿಪಿ ಹೇಳಿದ್ರೆ ಬ್ಯಾಂಕಲ್ಲಿ ಇದ್ದದ್ದೆಲ್ಲ ಗುಡಿಸಿ ಹಾಕ್ತಿದ್ದ. ನಿಮ್ಮ ಬಾಯಿ ಜನ್ಮದಲ್ಲಿ ಇದೇ ಮೊದಲ ಸಲ ಮನೆ ಉಳಿಸ್ತು."

ಅಂಗಡಿಯ ನಂಬರು ಬೇಕಾದರೆ ಎಲ್ಲಿ ಸಾಮಾನು ಕೊಂಡಿರೋ ಅಲ್ಲೇ, ಅವರ ಆ್ಯಪಿನ ಸಹಾಯ ಎಂಬ ಕಡೆ ನೋಡಬೇಕು, ಹೀಗೆ ಹುಡುಕಿದಾಗ ಸಿಗುವ, ಬೀದಿಯಲ್ಲಿ ಬಿದ್ದಂಥ ನಂಬರನ್ನು ಎತ್ತಿಕೊಳ್ಳಬಾರದು ಎಂದು ತಿಳಿಸಿ ಹೇಳಿದಳು. ನಿಜವಾದ ಅಂಗಡಿ ದುಡ್ಡು ವಾಪಸ್ ಮಾಡಲು ಒಟಿಪಿ ಕೇಳುವುದಿಲ್ಲ ಎಂದಳು. ಆಮೇಲೆ ದೂರು ಬರೆಯೋಣ ಎಂದಳು.

ದರ್ಜಿ ಕೊಸರಾಡಿದ. ಬರೆದರೆ ಯಾರು ಓದುತ್ತಾರೆ, ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ ಎಂದ. "ಮುಖ ಇಲ್ಲದವನ ಹತ್ರ ಏನು ಜಗಳ? ಕಾಳಜ್ಜ ಆಗಿದ್ರೆ ಎದುರಿಗೆ ನಿಂತು ಕೇಳ್ತಿದ್ದೆ."

"ಕಾಳಜ್ಜ ಬೈದವರಿಗೆಲ್ಲ ಬೇರೆ ಕಾಳು ಕೊಡ್ತಿದ್ನಾ ಭಾವ? ನಾನೂ ಚಿಕ್ಕವಳಿದ್ದಾಗ ನೋಡಿದ್ದೀನಿ. ಬರಿಗೈಲಿ ಬಂದವರನ್ನ ವಾಪಸ್ ಅಟ್ತಿದ್ದ. ಚೀಲ ತೋರಿಸು, ಯಾವತ್ತು ತಗೊಂಡೆ ಹೇಳು, ಏನು ಬೇಕು ಹೇಳು ಅಂತಿದ್ದ. ಇವರು ಕೇಳೋದೂ ಅದೇ ಮೂರು."

ಕೋಳಿಯ ನುಚ್ಚು ಕೆಟ್ಟಿದೆ ಎಂದು ತಾನೇ ಒಂದು ಸಲ ಕೈಬೀಸಿಕೊಂಡು ಹೋಗಿ ಕೂಗಾಡಿದ್ದು ದರ್ಜಿಗೆ ನೆನಪಾಯಿತು. ನಿನ್ನ ಕೋಳಿ ಬಂದು ಹೇಳಿದರೂ ನಂಬುತ್ತೇನೆ, ಮೊದಲು ಚೀಲ ತೋರಿಸು ಎಂದಿದ್ದ ಅಜ್ಜ. ಬೀದಿಯೆಲ್ಲ ನಕ್ಕಿತ್ತು.

"ಸರಿ, ಚೀಲ ಎಲ್ಲಿ?" ಎಂದಳು ನಾದಿನಿ.

ದರ್ಜಿ ಗೋಡೆ ನೋಡಿದ. ಹೆಂಡತಿ ಗಲ್ಲದಲ್ಲೇ ತೋರಿಸಿದಳು. ಮೂಲೆಯ ಎರಡನೇ ಯಂತ್ರಕ್ಕೆ ಹೊಳೆಯುವ ಹೊಸ ಹೊದಿಕೆ ಬಂದಿತ್ತು. ಅದೇ ಆ ಚೀಲ. ಆಹಾರವನ್ನು ಡಬ್ಬಿಗೆ ಸುರಿದ ಮರುಗಳಿಗೆಯೇ ಅವನು ಚೀಲವನ್ನು ತೊಳೆದು, ಕತ್ತರಿಸಿ, ಅಂಚು ಮಡಚಿ ಹೊಲಿದಿದ್ದ. ಚೀಲ ಬಂದ ರಟ್ಟಿನ ಪೆಟ್ಟಿಗೆ ಕಾಲರಿನ ಮಾದರಿಗಳಾಗಿ ಮೊಳೆಗೆ ನೇತಾಡುತ್ತಿತ್ತು. ಮೂವತ್ತು ವರ್ಷದಿಂದ ಒಂದು ಚಿಂದಿಯನ್ನೂ ಎಸೆದವನಲ್ಲ. ಆ ಜಾಣತನವೇ ಈಗ ಸಾಕ್ಷಿಯನ್ನು ನುಂಗಿತ್ತು.

ನಾದಿನಿ ಹಣೆ ಚಚ್ಚಿಕೊಂಡಳು. "ಬಿಚ್ಚಿ ಭಾವ."

ಹೊಲಿದದ್ದನ್ನು ಬಿಚ್ಚುವುದೆಂದರೆ ದರ್ಜಿಗೆ ಹಲ್ಲು ಕೀಳಿಸಿಕೊಂಡ ಹಾಗೆ. ಆದರೂ ಕನ್ನಡಕ ಏರಿಸಿಕೊಂಡು ಒಂದೊಂದೇ ನೂಲು ಎಳೆದ. ದಿನಾಂಕ ಇದ್ದದ್ದು ಸರಿಯಾಗಿ ಮಡಿಕೆಯೊಳಗೆ. ಮಡಿಕೆ ಬಿಡಿಸಿ ಅದರ ಮೇಲೆ ಬೆರಳು ಆಡಿಸಿದವನು ಅಲ್ಲೇ ನಿಂತ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬಟ್ಟೆ ಮುಟ್ಟಿ ಮುಟ್ಟಿ ಪಳಗಿದ ಬೆರಳಿಗೆ ಮಾತ್ರ ತಿಳಿಯಿತು.

"ಇಲ್ಲಿ ತೇಪೆ ಇದೆ" ಎಂದ.

ದಿನಾಂಕದ ಮೇಲೆ ಅದೇ ಬಣ್ಣದ ತೆಳು ಚೀಟಿ ಅಂಟಿಸಿದ್ದರು. ಅವನು ಉಗುರು ಹಾಕಲು ಹೋದಾಗ ನಾದಿನಿ ಕೈ ಹಿಡಿದಳು. ಮೊದಲು ಹಾಗೆಯೇ ಒಂದು ಫೋಟೋ ತೆಗೆದಳು. ಆಮೇಲೆ ಎಬ್ಬಿಸಲು ಬಿಟ್ಟಳು. ಕೆಳಗೆ ಹಳೆಯ ದಿನಾಂಕ. ಆ ಆಹಾರದ ಅವಧಿ ಮುಗಿದು ಏಳು ತಿಂಗಳಾಗಿತ್ತು. ಅದಕ್ಕೂ ಒಂದು ಫೋಟೋ. ಪಕ್ಕದಲ್ಲಿದ್ದ ತಯಾರಿಕೆಯ ಕಂತಿನ ಸಂಖ್ಯೆಗೂ, ಅಂದರೆ ಬ್ಯಾಚ್ ನಂಬರಿಗೂ, ಒಂದು. ರಟ್ಟಿನ ಕಾಲರು ಮಾದರಿಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿದರೆ ಪಾರ್ಸೆಲ್ ವಿಳಾಸದ ಚೀಟಿಯೂ ಸಿಕ್ಕಿತು. ಆರ್ಡರ್ ಸಂಖ್ಯೆ ಮೊಬೈಲಿನ ಸಂದೇಶದಲ್ಲೇ ಇತ್ತು. ಡಬ್ಬಿಯಲ್ಲಿ ಉಳಿದ ಆಹಾರವನ್ನು ಚೆಲ್ಲಬೇಡಿ, ನಾಯಿಗೆ ಎಟುಕದ ಕಡೆ ಬೇರೆಯಾಗಿ ಕಟ್ಟಿಡಿ ಎಂದಳು.

ದೂರಿನ ಮೊದಲ ಪ್ರತಿಯನ್ನು ದರ್ಜಿಯೇ ಬರೆದ. ಐದು ಪುಟ. ಅದರಲ್ಲಿ ಅಂಗಡಿಯವನ ಅಪ್ಪ, ಅಜ್ಜ, ಮುಂದೆ ಹುಟ್ಟಲಿರುವ ಮೊಮ್ಮಕ್ಕಳು ಎಲ್ಲರೂ ಇದ್ದರು. ದಿನಾಂಕ ಮಾತ್ರ ಇರಲಿಲ್ಲ.

"ಬಟ್ಟೆ ಬೇಕಾದಷ್ಟಿದೆ ಭಾವ, ಅಳತೆ ಇಲ್ಲ" ಎಂದಳು ನಾದಿನಿ. "ಇಷ್ಟನ್ನ ಓದೋ ಹೊತ್ತಿಗೆ ನಾಯಿ ಇರಲ್ಲ."

ಆ ಮಾತು ನಾಟಿತು. ಇಬ್ಬರೂ ಕೂತು ಕತ್ತರಿಸಿದರು. ಉಳಿದದ್ದು ಇಷ್ಟು:

"ನನ್ನ ನಾಯಿಗೆ ಮೂತ್ರಪಿಂಡದ ಕಾಯಿಲೆ. ವೈದ್ಯರು ಹೇಳಿದ ಆಹಾರವನ್ನು ನಿಮ್ಮಲ್ಲಿ ಕೊಂಡೆ. ಸೋಮವಾರ ಬಂತು. ತಿಂದ ಮೇಲೆ ನಾಯಿ ಎರಡು ಸಲ ವಾಂತಿ ಮಾಡಿ ಊಟ ಬಿಟ್ಟಿದೆ. ಚೀಲದ ಮೇಲಿನ ದಿನಾಂಕದ ಕೆಳಗೆ ಅವಧಿ ಮುಗಿದ ಬೇರೆ ದಿನಾಂಕ ಇದೆ. ಫೋಟೋಗಳು, ಕಂತಿನ ಸಂಖ್ಯೆ, ಆರ್ಡರ್ ಸಂಖ್ಯೆ, ವೈದ್ಯರ ಚೀಟಿ ಜೊತೆಗಿವೆ. ಭಾನುವಾರದೊಳಗೆ ಅದೇ ಆಹಾರದ ಹೊಸ ಚೀಲ ತಲುಪಬೇಕು. ಈ ಕಂತಿನ ಚೀಲಗಳನ್ನು ಬೇರೆ ಯಾರಿಗೂ ಕಳಿಸಬೇಡಿ."

ಆ್ಯಪಿನಲ್ಲೂ ಹಾಕಿದರು, ಇಮೇಲಿನಲ್ಲೂ ಕಳಿಸಿದರು. ಮರುನಿಮಿಷ ಒಂದು ದೂರು ಸಂಖ್ಯೆ ಬಂತು. ದರ್ಜಿ ಅದನ್ನು ಗುರುತು ಹಾಕುವ ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದ, ಗಿರಾಕಿಗಳ ಎದೆಯಳತೆಯ ಪಕ್ಕ.

ಗುರುವಾರ ಉತ್ತರ ಬಂತು. ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ಮುಂದಿನ ಖರೀದಿಗೆ ರಿಯಾಯಿತಿ ಕೂಪನ್ ಸ್ವೀಕರಿಸಿ ಎಂದಿತ್ತು. ದರ್ಜಿ ಕುದಿದುಹೋದ. ಸುಟ್ಟ ಅಂಗಿ ಕೊಟ್ಟು, ಇನ್ನೊಂದು ಬಟ್ಟೆ ತಾ ಕಡಿಮೆಗೆ ಹೊಲಿಯುತ್ತೇನೆ ಎಂದ ಹಾಗಾಯಿತು ಎಂದು ಕೂಗಾಡಿದ. ಮೊಬೈಲನ್ನು ಎಸೆಯಲು ಎತ್ತಿದ ಕೈಯನ್ನು ಹೆಂಡತಿ ಹಿಡಿದುಕೊಂಡು ತಂಗಿಗೆ ಫೋನ್ ಮಾಡಿಸಿದಳು.

ಮೊದಲ ಉತ್ತರ ಕಂಪ್ಯೂಟರ್ ತಾನಾಗಿ ಕಳಿಸುವಂಥದ್ದು, ಬಹಳ ಜನ ಅಲ್ಲಿಗೇ ಕೈಬಿಡುತ್ತಾರೆ ಎಂದಳು ನಾದಿನಿ. ಅವಳು ಹೇಳಿದಂತೆ ಅದೇ ದೂರು ಸಂಖ್ಯೆ ಹಾಕಿ ಮತ್ತೆ ಬರೆದರು. ಕೂಪನ್ ಒಪ್ಪುವುದಿಲ್ಲ, ಇದನ್ನು ನಿಮ್ಮ ದೂರು ವಿಚಾರಿಸುವ ಅಧಿಕಾರಿಗೆ ತಲುಪಿಸಿ, ಎರಡು ದಿನದಲ್ಲಿ ಸರಿಪಡಿಸದಿದ್ದರೆ ಗ್ರಾಹಕರ ದೂರು ಕಚೇರಿಗೆ ಹೋಗುತ್ತೇವೆ ಎಂದು. ಬೈಗುಳ ಒಂದೂ ಇರಲಿಲ್ಲ. ಓದಿ ನೋಡಿದ ದರ್ಜಿಗೆ ಅದು ತನ್ನ ಐದು ಪುಟಕ್ಕಿಂತ ಖಾರವಾಗಿದೆ ಅನ್ನಿಸಿತು.

ಶುಕ್ರವಾರ ಒಬ್ಬಳು ಹೆಂಗಸು ಫೋನ್ ಮಾಡಿದಳು. ಒಟಿಪಿ ಕೇಳಲಿಲ್ಲ. ಆರ್ಡರ್ ಸಂಖ್ಯೆಯನ್ನೂ ದೂರು ಸಂಖ್ಯೆಯನ್ನೂ ತಾನೇ ಓದಿ ಹೇಳಿದಳು. ದರ್ಜಿ ಬಾಯಿ ತೆರೆಯುವ ಮೊದಲು ಹೆಂಡತಿ ಅವನ ಕಾಲು ತುಳಿದಳು. ಅವನು ಬೈಗುಳ ನುಂಗಿ ನಿಧಾನವಾಗಿ ಹೇಳಿದ:

"ತಾಯಿ, ನನ್ನ ನಾಯಿ ಮುದಿ ಆಗಿದೆ. ವೈದ್ಯರು ಕೊಟ್ಟ ಗಡುವು ಭಾನುವಾರಕ್ಕೆ ಮುಗಿಯುತ್ತೆ. ನನಗೆ ಬೇರೇನೂ ಬೇಡ."

ಆ ಕಡೆ ಕಂಪ್ಯೂಟರಿನ ಕೀಲಿ ಒತ್ತುವ ಸದ್ದು ಕೇಳಿಸಿತು. ಆಮೇಲೆ ಅವಳು, ಬೇರೆ ಗೋದಾಮಿನಿಂದ ಇವತ್ತೇ ಕಳಿಸುತ್ತೇನೆ, ಹೊರಡುವ ಮೊದಲು ದಿನಾಂಕದ ಫೋಟೋ ನಿಮಗೆ ಬರುತ್ತದೆ ಎಂದಳು.

ಭಾನುವಾರ ಬೆಳಿಗ್ಗೆ ಚೀಲ ಬಂತು. ದರ್ಜಿ ಕತ್ತರಿ ಮುಟ್ಟಲಿಲ್ಲ. ಮೊದಲು ದಿನಾಂಕದ ಮೇಲೆ ಬೆರಳು ಆಡಿಸಿದ, ತೇಪೆ ಇರಲಿಲ್ಲ. ಬಟ್ಟಲಿಗೆ ಒಂದು ಹಿಡಿ ಹಾಕಿದ. ಗುಂಡಿ ಮೂಸಿತು. ಒಂದು ಕಾಳು ಬಾಯಿಗೆ ತೆಗೆದುಕೊಂಡು ಹೊರಗಿಟ್ಟಿತು. ಹೆಂಡತಿಯ ಕೈಯ ಸೂಜಿ ನಿಂತಿತು. ನಾಯಿ ಅದೇ ಕಾಳನ್ನು ಮತ್ತೆ ಎತ್ತಿಕೊಂಡು ಕಟಕಟ ಅಗಿಯಿತು. ಆಮೇಲೆ ಬಟ್ಟಲಿನಿಂದ ತಲೆ ಎತ್ತಲಿಲ್ಲ.

ಮೂರು ದಿನ ಕಳೆದ ಮೇಲೆ ಅಂಗಡಿಯಿಂದ ಇನ್ನೊಂದು ಪತ್ರ ಬಂತು. ಆ ಚೀಟಿ ಅಂಟಿಸಿದ್ದು ತಮಗೆ ಸರಕು ಒದಗಿಸುವವನ ಕೆಲಸ ಎಂದು ತಿಳಿದಿದೆ, ಆ ಕಂತನ್ನು ಪೂರ್ತಿ ವಾಪಸ್ ತರಿಸುತ್ತಿದ್ದೇವೆ, ಈಗಾಗಲೇ ಅರವತ್ತಕ್ಕೂ ಹೆಚ್ಚು ಮನೆಗೆ ಅದು ಹೋಗಿದೆ, ದೂರು ಬಂದದ್ದು ನಿಮ್ಮದೊಂದೇ ಎಂದಿತ್ತು.

ದರ್ಜಿ ಪತ್ರವನ್ನು ಎರಡು ಸಲ ಓದಿದ. "ಅರವತ್ತು ಮನೇಲಿ ಒಬ್ಬನಿಗೂ ಬಾಯಿ ಇರಲಿಲ್ವಾ?"

"ಬಾಯಿ ಎಲ್ಲರಿಗೂ ಇತ್ತು ಭಾವ" ಎಂದಳು ನಾದಿನಿ. "ಎಲ್ಲರೂ ಮನೇಲೇ ಬೈದು ಸುಮ್ಮನಾಗಿರ್ತಾರೆ."

ಓದುವವರೇ, ನೇರವಾಗಿ ಕೇಳುತ್ತೇವೆ. ಆ ಅರವತ್ತರಲ್ಲಿ ನಿಮ್ಮ ಮನೆಯೂ ಒಂದಾಗಿದ್ದರೆ ನೀವು ಏನು ಮಾಡುತ್ತಿದ್ದಿರಿ? ಹಾಳಾಗಿ ಹೋಗಲಿ ಎಂದು ಚೀಲ ಎಸೆದು ಕೂರುತ್ತಿದ್ದಿರಾ? ಹಾಗೆ ಕೂತವರಿಂದಲೇ ಕೆಟ್ಟ ಸರಕು ಮುಂದಿನ ಮನೆಯ ಬಾಗಿಲು ತಟ್ಟುತ್ತದೆ. ಸಾಮಾನು ಬಂದ ಕೂಡಲೇ ದಿನಾಂಕ ನೋಡಿ. ತಿಂದು ಮುಗಿಯುವವರೆಗೆ ಚೀಲ, ಪೆಟ್ಟಿಗೆ, ಚೀಟಿ ಯಾವುದನ್ನೂ ಬಿಸಾಡಬೇಡಿ, ಕತ್ತರಿಸಲೂ ಬೇಡಿ. ತಪ್ಪು ಕಂಡರೆ ಫೋಟೋ ತೆಗೆದು, ಏನಾಯಿತು, ಯಾವತ್ತು ಆಯಿತು, ನಿಮಗೆ ಏನು ಬೇಕು ಅಂತ ಕೊಂಡ ಕಡೆಗೇ ಬರೆಯಿರಿ. ದೂರು ಸಂಖ್ಯೆಯನ್ನು ಜೋಪಾನ ಮಾಡಿ. ಯಾರಾದರೂ ಒಟಿಪಿ ಕೇಳಿದರೆ ಫೋನ್ ಇಟ್ಟುಬಿಡಿ. ಮೊದಲ ಉತ್ತರಕ್ಕೆ ಸೋತು ಕೂರಬೇಡಿ, ಮತ್ತೆ ಬರೆಯಿರಿ.

ನಿಮ್ಮ ಮನೆಯ ನಾಯಿಗಾಗಲಿ ಬೆಕ್ಕಿಗಾಗಲಿ ಬರೆಯಲು ಬರುವುದಿಲ್ಲ. ನಿಮಗೆ ಬರುತ್ತದೆ.