ಹೊಗೆ ಬಣ್ಣದ ಕರು

ನನ್ನ ಬಿಳಿ ಶಾರೊಲೆ ತಳಿಯ ಹೋರಿ ಸ್ಯಾಮ್ಸನ್‌ಗೆ ಹುಟ್ಟಿದ ಕರು ಎದ್ದು ನಿಂತ ಏಟಿಗೆ ಐರ್ಲೆಂಡಿನ ನಮ್ಮ ಇಡೀ ರೋಸ್ಕಾಮನ್ ಕೌಂಟಿ ಒಂದು ಕಡೆ ವಾಲಿ, ಸರೋವರದ ನೀರೆಲ್ಲ ಪಕ್ಕದ ಕೌಂಟಿಗೆ ಚೆಲ್ಲಿಹೋಯಿತು. ದನದ ಸಂತೆಯ ಕ್ಯಾಂಟೀನಿನಲ್ಲಿ ನಾನಿದನ್ನು ಹೇಳಿದಾಗ ಎದುರು ಕೂತಿದ್ದ ಗೆಳೆಯ ಕೋಲ್ಮನ್ ಸ್ಯಾಂಡ್‌ವಿಚ್ಚಿನಿಂದ ತಲೆಯನ್ನೂ ಎತ್ತಲಿಲ್ಲ.

"ಮೀನುಗಳ ಗತಿ ಏನಾಯ್ತೋ ಫಿಂಟನ್?"

"ಬೂಟು ಹಾಕ್ಕೊಂಡು ನಡ್ಕೊಂಡೇ ವಾಪಸ್ ಬಂದ್ವು."

ಎಲ್ಲರೂ ನಕ್ಕರು. ಕಿಟಕಿ ಪಕ್ಕ ಚಹಾ ಕುಡಿಯುತ್ತಿದ್ದ ನನ್ನ ನೆರೆಯ ಡೆಲಿಯಾ ಕೂಡ ನಕ್ಕರು. ಅಲ್ಲಿಗೇ ನಾನು ಬಾಯಿ ಮುಚ್ಚಬೇಕಿತ್ತು.

ನನ್ನ ಹತ್ತಿರ ಎರಡು ಹೋರಿಗಳಿವೆ. ಚೊಚ್ಚಲ ಕಡಸಿಗೆ ಕರಿ ಆಂಗಸ್ ತಳಿಯದು. ಅದರ ಕರು ಸಣ್ಣದು, ಸಲೀಸಾಗಿ ಜಾರಿ ಬರುತ್ತದೆ. ನಾಲ್ಕಾರು ಸಲ ಈದ ಹಸುಗಳಿಗೆ ಮಾತ್ರ ಸ್ಯಾಮ್ಸನ್. ಅವನ ಕರು ಮೈ ತುಂಬ ಮಾಂಸ ಹೊತ್ತೇ ಹುಟ್ಟುತ್ತದೆ. ಹೋದ ವರ್ಷ ಡೆಲಿಯಾ ತಮ್ಮ ಕರಿ ಕಡಸನ್ನು ನನ್ನ ಅಂಗಳಕ್ಕೆ ಹೊಡೆದುಕೊಂಡು ಬಂದಿದ್ದರು. ಬಾಟಲಿ ಹಾಲು ಕುಡಿಸಿ ಸಾಕಿದ ಕಡಸು. "ಆಂಗಸ್‌ಗೇ ಬಿಡೋ," ಎಂದು ಎರಡೆರಡು ಸಲ ಹೇಳಿ ಹೋಗಿದ್ದರು. ಈ ಮಾರ್ಚಿನಲ್ಲಿ ಈಯುವಾಗ ನನ್ನನ್ನೇ ಕರೆಸಿದ್ದರು; ಕರು ಸಿಕ್ಕಿಹಾಕಿಕೊಂಡು, ಕರುವೂ ಸತ್ತಿತು, ಕಡಸೂ ಸತ್ತಿತು. ಅಂದಿನಿಂದ ಡೆಲಿಯಾರದು ಒಂದೇ ಮಾತು: "ನಾನೇ ಮುದ್ದು ಮಾಡಿ ಜಾಸ್ತಿ ಮೇವು ಹಾಕಿ ಕರು ಊದಿಸಿಬಿಟ್ಟೆ." ಅವರು ಹಾಗೆಂದಾಗಲೆಲ್ಲ ನಾನು ತಲೆಯಾಡಿಸುತ್ತಿದ್ದೆ.

"ಕೌಂಟಿ ವಾಲಿಸಿದ ಆ ಕರು ಯಾವ ಬಣ್ಣವೋ?" ಎಂದ ಕೋಲ್ಮನ್.

"ಹೊಗೆ ಬಣ್ಣ. ಬೆಳಗಿನ ಮಂಜಿನ ಹಾಗೆ. ಭುಜ ನೋಡಬೇಕಿತ್ತು ನೀನು, ಚರ್ಚಿನ ಬಾಗಿಲಷ್ಟು ಅಗಲ."

"ಹೊಗೆ ಬಣ್ಣ ಬರೋದು ಶಾರೊಲೆ ಕರಿ ಹಸುಗೆ ಹಾರಿದ್ರೆ. ನಿನ್ನ ಮಂದೆಯಲ್ಲಿ ಎಲ್ಲಾ ಕೆಂಪಲ್ವೇನೋ? ಕರೀದು ಎಲ್ಲಿಂದ ತಂದೆ?"

ಕೋಲ್ಮನ್ ಇನ್ನೂ ನಗುತ್ತಿದ್ದ. ಡೆಲಿಯಾ ಲೋಟ ಕೆಳಗಿಟ್ಟರು.

"ಫಿಂಟನ್, ಅವತ್ತು ನೋಡಬೇಡಿ ಅಂತ ನನ್ನನ್ನ ಅಡುಗೆಮನೆಗೆ ಕಳಿಸಿದೆ. ಗೋಣಿ ಮುಚ್ಚಿ ನೀನೇ ತಗೊಂಡು ಹೋದೆ. ನನ್ನ ಕಡಸಿನ ಕರು ಯಾವ ಬಣ್ಣ ಇತ್ತು?"

ಆಂಗಸ್ ಮತ್ತು ಕರಿ ಕಡಸಿಗೆ ಹುಟ್ಟುವುದು ಕರಿ ಕರುವೇ. ಕರಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಜೀವಮಾನವೆಲ್ಲ ಸುಳ್ಳು ಹೇಳಿದವನಿಗೆ ಆ ಚಿಕ್ಕ ಸುಳ್ಳು ಬಾಯಿಗೆ ಬರಲಿಲ್ಲ.

"ಹೊಗೆ ಬಣ್ಣ," ಎಂದೆ. "ನಾನೇ ಸ್ಯಾಮ್ಸನ್‌ನ ಬಿಟ್ಟೆ. ಎಂಥಾ ಕರು ಬರುತ್ತೋ ನೋಡೋಣ ಅಂತ. ಇಲ್ಲಿ ತಂದು ಮೆರೆಸೋಣ ಅಂತ. ನಿಮ್ಮ ಮೇವಿನದೇನೂ ತಪ್ಪಿರಲಿಲ್ಲ, ಡೆಲಿಯಾ."

ಅವರು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು.

"ಎದ್ದು ನಿಂತಿತ್ತು ಅಂದೆಯಲ್ಲ," ಎಂದರು ಕೊನೆಗೆ.

"ಇಲ್ಲ. ಅದು ಉಸಿರೇ ಆಡಲಿಲ್ಲ."