ಏಳನೇ ಪುಟದ ನಿದ್ದೆ

ಸಾವಿನ ಮನೆಯ ಮಾತನ್ನು ಹೊರಗೆ ಹೇಳಬಾರದೇನೋ. ಹೇಳುತ್ತಿರುವುದಕ್ಕೆ ಕ್ಷಮೆಯಿರಲಿ.

ಅವಳು ತೀರಿಕೊಂಡ ಗಂಡನ ಅಂಗಿಯ ಕೊನೆಯ ಗುಂಡಿ ಹಾಕುತ್ತಿದ್ದಾಗ ವಿಜ್ಞಾನದ ಮೇಷ್ಟ್ರು ಬಾಗಿಲಿಗೆ ಬಂದು ನಿಂತರು. ಅವರ ಶಾಲೆಯಲ್ಲೇ ಅವಳು ಇಪ್ಪತ್ತಾರು ವರ್ಷದಿಂದ ಲೈಬ್ರರಿ ನೋಡಿಕೊಳ್ಳುತ್ತಿದ್ದಳು.

"ಈ ಹೊತ್ತಲ್ಲಿ ಕೇಳೋಕೆ ಬಾಯಿ ಬರ್ತಿಲ್ಲ ಮೇಡಂ. ನಾಳೆ ಪುಸ್ತಕದಂಗಡಿಯವನು ಬರ್ತಾನೆ. ಬೇಡ ಅಂದಿರೋವು ವಾಪಸ್ ಕೊಡ್ಬೇಕಲ್ಲ..."

"ಮಂಚದ ಕೆಳಗೆ ಪೆಟ್ಟಿಗೆ ಇದೆ, ತಗೊಳ್ಳಿ. ಜ್ವಾಲಾಮುಖಿದು ಮೇಲೇ ಇದೆ. ಏಳನೇ ಪುಟಕ್ಕೇ ನಿದ್ದೆ ಹೋಗ್ಬಿಟ್ರು ಇವರು."

ಮೇಷ್ಟ್ರು ಮಿಕಿಮಿಕಿ ನೋಡಿದರು.

*

ಪಾಠಕ್ಕೆ ಜೊತೆಯಾಗುವ ಮಕ್ಕಳ ಪುಸ್ತಕ ಹುಡುಕುವುದೆಂದರೆ ಅವಳಿಗೆ ಪ್ರತಿ ವರ್ಷವೂ ತಲೆನೋವಿನ ಕೆಲಸ. ಚಿತ್ರ ಚೆಂದವಿದ್ದರೆ ತಿಮಿಂಗಿಲವನ್ನು ಮೀನೆಂದು ಬರೆದಿರುತ್ತಿದ್ದರು. ವಿಷಯ ಸರಿಯಿದ್ದರೆ ಓದುವುದೇ ಶಿಕ್ಷೆ. ತಪ್ಪನ್ನು ಅವಳೇ ಹಿಡಿಯಬಲ್ಲಳು. ರುಚಿ ನೋಡಲು ಮಾತ್ರ ಗಂಡ ಬೇಕು. ಅವನು ಐದನೇ ತರಗತಿಗೇ ಶಾಲೆ ಬಿಟ್ಟು ಬೇಕರಿಯ ಭಟ್ಟಿಗೆ ಸೇರಿದವನು. ಸಂಜೆ ಅವನೆದುರು ಕೂತು ಗಟ್ಟಿಯಾಗಿ ಓದುವಳು. ಅವನು "ಆಮೇಲೆ?" ಎಂದರೆ ಪುಸ್ತಕ ಶಾಲೆಗೆ, ಗೊರಕೆ ಹೊಡೆದರೆ ಅಂಗಡಿಗೆ.

"ನನ್ನ ನಂಬ್ಕೊಂಡು ಶಾಲೆ ನಡೆಸ್ತೀಯಲ್ಲೇ!"

"ನಿಮ್ಮ ತಲೆಗೆ ಹೋದ್ರೆ ಯಾವ ಮಗು ತಲೆಗಾದ್ರೂ ಹೋಗುತ್ತೆ. ಸುಮ್ನೆ ಕೇಳಿ."

*

ಮೇಷ್ಟ್ರು ಪೆಟ್ಟಿಗೆ ಎಳೆಯುವಾಗ, ಗೋಡೆಗೊರಗಿ ಕೂತಿದ್ದ ಮುದುಕ ತಲೆಯೆತ್ತಿದ. ಗಂಡನ ಜೊತೆ ಹಿಟ್ಟು ನಾದುತ್ತಿದ್ದವನು.

"ಏಳನೇ ಪುಟದವರೆಗೂ ಎಚ್ಚರ ಇದ್ನಾ? ಪರವಾಗಿಲ್ವೆ! ಬೆಳಗಿನ ಜಾವ ಮೂರಕ್ಕೆ ಭಟ್ಟಿ ಹೊತ್ತಿಸೋನು."

"ಮಧ್ಯಾಹ್ನ ಅಲ್ಲೇ ಎರಡು ಗಂಟೆ ಮಲಗ್ತಿದ್ರಲ್ಲ ಅಣ್ಣ?"

"ಯಾರು, ಇವನಾ? ಬಿಸ್ಕತ್ತಿನ ತಟ್ಟೆ ಯಾರು ನೋಡ್ಬೇಕಮ್ಮ ಆಗ? ನಿಂತಲ್ಲೇ ತೂಕಡಿಸೋನು. ಮನೆಗೋಗಿ ಮಲಗೋ ಅಂದ್ರೆ, 'ಇಲ್ಲಣ್ಣ, ಇವತ್ತು ಅವಳದೊಂದು ಪುಸ್ತಕ ಐತೆ' ಅನ್ನೋನು."

ಅವಳ ಕೈ ಅಂಗಿಯ ಮೇಲೆಯೇ ನಿಂತಿತು. ಇಪ್ಪತ್ತಾರು ವರ್ಷ. ಗೊರಕೆ ಕೇಳಿ ಅಂಗಡಿಗೆ ಮರಳಿಸಿದ ಪುಸ್ತಕಗಳು ಒಂದೇ, ಎರಡೇ?

"ಮೇಷ್ಟ್ರೇ, ಪೆಟ್ಟಿಗೆ ಅಲ್ಲೇ ಬಿಡಿ."

"ನಾಳೆ ಬೆಳಿಗ್ಗೇನೇ ಬರ್ತಾನೆ ಮೇಡಂ ಅವನು."

"ಬೆಳಿಗ್ಗೆ ಹೇಳ್ತೀನಿ."

*

ಗಂಡನನ್ನು ಮಸಣಕ್ಕೆ ಕಳುಹಿಸಿಕೊಟ್ಟು ಬಂದಾಗ ಮಧ್ಯಾಹ್ನ ಇಳಿದಿತ್ತು. ಬಾಡಿಗೆಯ ಕುರ್ಚಿಗಳನ್ನು ಯಾರೋ ಮಡಚಿಡುತ್ತಿದ್ದರು. ಅವಳು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತು ಜ್ವಾಲಾಮುಖಿಯ ಪುಸ್ತಕ ತೆಗೆದಳು.

"ಬಾ ಇಲ್ಲಿ, ಕೇಳು," ಎಂದು ನಾದಿನಿಯನ್ನು ಕರೆದಳು. "ಬೇಜಾರಾದ್ರೆ ಮುಚ್ಚುಮರೆಯಿಲ್ದೆ ಹೇಳ್ಬೇಕು."

"ಅತ್ತಿಗೆ, ಮೂರು ದಿನದಿಂದ ರೆಪ್ಪೆ ಮುಚ್ಚಿಲ್ಲ ನೀವು. ಪುಸ್ತಕ ಎಲ್ಲಿಗೆ ಓಡಿಹೋಗುತ್ತೆ?"

"ಅಂಗಡಿಗೆ," ಎಂದು ಅವಳು ಮೊದಲ ಪುಟದಿಂದ ಓದತೊಡಗಿದಳು.

ಮೂರನೇ ಪುಟದಲ್ಲಿ ಬೆಟ್ಟದೊಳಗಿನ ಕಲ್ಲು ಕರಗತೊಡಗಿತು. ನಾಲ್ಕನೆಯದರಲ್ಲಿ ಅವಳ ಮಾತು ತೊದಲಿತು. ಐದಕ್ಕೆ ಗಲ್ಲ ಎದೆಗೆ ತಾಗಿ, ಪುಸ್ತಕ ಮಡಿಲಿಗೆ ಜಾರಿತು.

ನಾದಿನಿ ಕಾದಳು. ಆಮೇಲೆ, ಯಾರಿಗೂ ಕೇಳದಷ್ಟು ಮೆಲ್ಲಗೆ, "ಆಮೇಲೆ?" ಎಂದಳು.

ಆ ಪುಸ್ತಕ ಚೆನ್ನಾಗಿತ್ತೋ ಇಲ್ಲವೋ, ಗೊತ್ತಿಲ್ಲ.